ಇಯೆರಾಪೆತ್ರಾದ ಗಾಳಿ ಯಾವ ಕಾಲಕ್ಕೆ ಹೇಗಿರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಸ್‌ನ ಕ್ರೀಟ್ ದ್ವೀಪದ ಇಯೆರಾಪೆತ್ರಾ ಎಂಬ ಊರಿಗೆ ಪ್ರವಾಸ ಹೊರಟವರು, ಕೆಲಸಕ್ಕೆಂದು ಅಲ್ಲಿ ನೆಲೆಸಿದವರು, ಮನೆಯಲ್ಲಿ ದಮ್ಮು ಇರುವ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಮೊದಲು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ನೋಡಿ. ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್‌ನ ಅಂಕಿ ನೋಡುವುದು ಆಮೇಲೆ.

ಈ ಊರು ಎಲ್ಲಿದೆ?

ಕ್ರೀಟ್ ದ್ವೀಪದ ಪೂರ್ವ ಭಾಗದಲ್ಲಿ, ದಕ್ಷಿಣ ತೀರದಲ್ಲಿ. ಲಸಿಥಿ ಪ್ರಾಂತ್ಯಕ್ಕೆ ಸೇರಿದ ಊರು. ಎದುರಿಗಿರುವುದು ಲಿಬಿಯಾ ಸಮುದ್ರ. ಅದರಾಚೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಆಫ್ರಿಕಾದ ತೀರ. ಬೆನ್ನಿಗೆ ಬೆಟ್ಟಗಳು: ಪಶ್ಚಿಮಕ್ಕೆ 2,000 ಮೀಟರ್ ದಾಟುವ ದಿಕ್ತಿ, ಪೂರ್ವಕ್ಕೆ ಥ್ರಿಪ್ತಿ. ಎರಡರ ನಡುವೆ ತಗ್ಗಾದ ಜಾಗ. ಕ್ರೀಟ್ ಅತಿ ಕಿರಿದಾಗುವುದು ಇಲ್ಲೇ. ಉತ್ತರದ ಸಮುದ್ರದಿಂದ ದಕ್ಷಿಣದ ಸಮುದ್ರಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್ ಅಷ್ಟೇ. ಊರಿನ ಸುತ್ತ ಎಲ್ಲಿ ನೋಡಿದರೂ ಪಾಲಿಹೌಸ್‌ಗಳು. ಟೊಮೆಟೊ, ಸೌತೆ, ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಅದು ಬಿಟ್ಟರೆ ಆಲಿವ್ ತೋಟ, ಪ್ರವಾಸಿಗರು.

ಆ ಬೆಟ್ಟ, ಆ ತಗ್ಗು, ಆ ಸಮುದ್ರ ಮೂರನ್ನೂ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಉತ್ತರಗಳಲ್ಲಿ ಅರ್ಧ ಅವುಗಳಿಂದಲೇ ಹುಟ್ಟಿದ್ದು.

ಕಡಲ ತೀರದ ಚಿಕ್ಕ ಊರು, ದೊಡ್ಡ ಕಾರ್ಖಾನೆ ಇಲ್ಲ, ಹೆಚ್ಚು ವಾಹನವೂ ಇಲ್ಲ. ಗಾಳಿ ಯಾವಾಗಲೂ ಚೆನ್ನಾಗೇ ಇರುತ್ತೆ ಅಲ್ವಾ?

ವರ್ಷದ ಬಹಳಷ್ಟು ದಿನ ಚೆನ್ನಾಗಿಯೇ ಇರುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಾಡಿದವರಿಗೆ ಇಲ್ಲಿ ಇಳಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ 'ಯಾವಾಗಲೂ' ಅನ್ನುವುದು ಸರಿಯಲ್ಲ.

ಈ ಊರಿನ ಗಾಳಿಯನ್ನು ಕೆಡಿಸುವ ಬಹುಪಾಲು ವಸ್ತು ಹೊರಗಿನಿಂದ ಬರುತ್ತದೆ. ವಸಂತದಲ್ಲಿ ದಕ್ಷಿಣದಿಂದ ಸಹಾರಾದ ಧೂಳು. ಬೇಸಿಗೆಯಲ್ಲಿ ಉತ್ತರದಿಂದ ಓಝೋನ್ ಮತ್ತು ಅದನ್ನು ಹುಟ್ಟಿಸುವ ಅನಿಲಗಳು. ಊರಿನವರೇ ಮಾಡುವುದು ಮುಖ್ಯವಾಗಿ ಚಳಿಗಾಲದ ಹೊಗೆ: ಸೌದೆ ಒಲೆ, ತೋಟದಲ್ಲಿ ಸುಡುವ ರೆಂಬೆ. ಹೊರಗಿನಿಂದ ಬರುವುದನ್ನು ತಡೆಯಲು ಇಲ್ಲಿಯವರ ಕೈಯಲ್ಲಿ ಆಗುವುದಿಲ್ಲ, ಅದರಿಂದ ತಪ್ಪಿಸಿಕೊಳ್ಳಬಹುದು ಅಷ್ಟೇ. ಊರಿನ ಹೊಗೆಯನ್ನು ಮಾತ್ರ ಖಂಡಿತ ಕಡಿಮೆ ಮಾಡಬಹುದು. ನನಗೆ ಕಾಳಜಿ ಇರುವುದು ಇದರ ಬಗ್ಗೆಯೇ. ಯಾಕೆಂದರೆ ಆಫ್ರಿಕಾದ ಧೂಳಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪಕ್ಕದ ಮನೆಯ ಹೊಗೆಗೂಡಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆಫ್ರಿಕಾದ ಧೂಳು ಅಷ್ಟು ದೂರ ಹೇಗೆ ಬರುತ್ತದೆ? ಯಾವ ತಿಂಗಳಲ್ಲಿ?

ಮಾರ್ಚ್‌ನಿಂದ ಮೇವರೆಗೆ ಜಾಸ್ತಿ. ಫೆಬ್ರುವರಿಯಲ್ಲೂ ಬರುವುದುಂಟು, ಶರತ್ಕಾಲದಲ್ಲಿ ಅಪರೂಪಕ್ಕೆ. ಸ್ಪೇನ್, ಇಟಲಿ ಕಡೆ ಬೇಸಿಗೆಯಲ್ಲಿ ಧೂಳು ಹೆಚ್ಚು. ಕ್ರೀಟ್ ಇರುವ ಪೂರ್ವ ಮೆಡಿಟರೇನಿಯನ್‌ನಲ್ಲಿ ಮಾತ್ರ ವಸಂತವೇ ಧೂಳಿನ ಕಾಲ.

ಕಾರಣ ಇಷ್ಟು. ವಸಂತದಲ್ಲಿ ಸಹಾರಾದ ನೆಲ ಬೇಗ ಕಾಯುತ್ತದೆ, ಸಮುದ್ರ ಇನ್ನೂ ತಣ್ಣಗಿರುತ್ತದೆ. ಈ ವ್ಯತ್ಯಾಸದ ಅಂಚಿನಲ್ಲಿ, ಉತ್ತರ ಆಫ್ರಿಕಾದ ತೀರದುದ್ದಕ್ಕೂ ವಾಯುಭಾರ ಕುಸಿತಗಳು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ. ಅವುಗಳ ಮುಂಭಾಗದಲ್ಲಿ ದಕ್ಷಿಣದ ಗಾಳಿ ಜೋರಾಗಿ ಬೀಸುತ್ತದೆ. ಲಿಬಿಯಾ, ಈಜಿಪ್ಟ್‌ನ ಮರಳುಗಾಡಿನ ನುಣ್ಣನೆಯ ಮಣ್ಣನ್ನು ಅದು ಕಿಲೋಮೀಟರ್‌ಗಟ್ಟಲೆ ಎತ್ತರಕ್ಕೆ ಎತ್ತಿ ಸಮುದ್ರ ದಾಟಿಸುತ್ತದೆ.

ಊರಿನಲ್ಲಿ ಇದ್ದವರಿಗೆ ಹೇಗೆ ಗೊತ್ತಾಗುತ್ತದೆ? ಮೊದಲು ಸೆಖೆ. ಏಪ್ರಿಲ್‌ನ ತಂಪು ಬೆಳಗು ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ಆಕಾಶದ ನೀಲಿ ಹೋಗಿ ಹಾಲು ಬೆರೆಸಿದ ಬಣ್ಣ ಬರುತ್ತದೆ, ಆಮೇಲೆ ಹಳದಿ, ಜೋರಾಗಿದ್ದರೆ ಕಿತ್ತಳೆ. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಹುದು ಅನ್ನಿಸುತ್ತದೆ (ನೋಡಬೇಡಿ). ದಿಕ್ತಿ ಬೆಟ್ಟದ ಗೆರೆ ಅಳಿಸಿಹೋಗುತ್ತದೆ. ಬಾಯಲ್ಲಿ ಮಣ್ಣಿನ ರುಚಿ. ಕಾರಿನ ಗಾಜಿನ ಮೇಲೆ ಬೆರಳಾಡಿಸಿದರೆ ಗೋಧಿ ಹಿಟ್ಟಿನಷ್ಟು ನುಣುಪಾದ ಕಂದು ಪುಡಿ ಮೆತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹೀಗೆ. ಆಮೇಲೆ ಗಾಳಿ ಪಶ್ಚಿಮಕ್ಕೋ ವಾಯವ್ಯಕ್ಕೋ ತಿರುಗುತ್ತದೆ, ತಣ್ಣಗಾಗುತ್ತದೆ, ಕೆಲವೇ ಗಂಟೆಗಳಲ್ಲಿ ಆಕಾಶ ತಿಳಿಯಾಗುತ್ತದೆ.

2018ರ ಮಾರ್ಚ್ 22ರ ಬಗ್ಗೆ ಈಗಲೂ ಮಾತಾಡುತ್ತಾರೆ. ಆವತ್ತು ಏನಾಯಿತು?

ಕ್ರೀಟ್‌ನಲ್ಲಿ ದಾಖಲೆಯ ಧೂಳು ಬಿದ್ದ ದಿನ ಅದು. ಹಗಲಿನಲ್ಲೇ ಆಕಾಶ ಕೆಂಪಗಾಗಿತ್ತು. ದ್ವೀಪದ ಈಶಾನ್ಯ ತೀರದ ಫಿನೊಕಾಲಿಯಾದಲ್ಲಿ ಕ್ರೀಟ್ ವಿಶ್ವವಿದ್ಯಾಲಯದ ವಾಯು ಅಧ್ಯಯನ ಕೇಂದ್ರ ಇದೆ. ಇಯೆರಾಪೆತ್ರಾದಿಂದ ನೋಡಿದರೆ ಬೆಟ್ಟದ ಆಚೆ ಬದಿ. ಆ ದಿನ ಅಲ್ಲಿ ಗಂಟೆಗಟ್ಟಲೆ ಕಾಲ ಘನ ಮೀಟರಿಗೆ 1,000 ಮೈಕ್ರೋಗ್ರಾಂಗಿಂತ ಹೆಚ್ಚು ಧೂಳು ಇತ್ತು. ಒಂದು ಹಂತದಲ್ಲಿ 6,000 ದಾಟಿತು. ಯುರೋಪಿನಲ್ಲಿ ದಿನದ ಸರಾಸರಿಗೆ ಇಟ್ಟಿರುವ ಮಿತಿ 50. ಇದರ ಪಕ್ಕದಲ್ಲಿ ಆ 6,000 ಇಟ್ಟು ನೋಡಿ.

ಧೂಳು ಬಂದದ್ದು ದಕ್ಷಿಣದಿಂದ, ಆದರೆ ಅಷ್ಟೊಂದು ಅಳೆದದ್ದು ಉತ್ತರ ತೀರದಲ್ಲಿ. ಯಾಕೆ? ದಕ್ಷಿಣದ ಗಾಳಿ ಬೆಟ್ಟ ಹತ್ತಿ ಆಚೆ ಬದಿಗೆ ಇಳಿಯುವಾಗ ಬಿಸಿಯಾಗಿ, ಒಣಗಿ, ರಭಸದಿಂದ ನೆಲಕ್ಕೆ ಬಡಿಯುತ್ತದೆ. ಮೇಲಿದ್ದ ಧೂಳಿನ ಪದರವನ್ನೂ ಜೊತೆಗೇ ಎಳೆದು ತರುತ್ತದೆ. ಹಾಗಾಗಿ ಬೆಟ್ಟದ ಈಚೆ ಇರುವ ಅಂಕಿ ನೋಡಿ ಆಚೆಯದನ್ನು ಊಹಿಸಬೇಡಿ. ದ್ವೀಪ ಚಿಕ್ಕದಾದರೂ ಎರಡು ತೀರಗಳ ಗಾಳಿ ಬೇರೆ ಬೇರೆ.

2024ರ ಏಪ್ರಿಲ್ 23ರಂದು ಅಥೆನ್ಸ್ ಕಿತ್ತಳೆ ಬಣ್ಣಕ್ಕೆ ತಿರುಗಿದ ಫೋಟೋಗಳನ್ನು ನೀವೂ ನೋಡಿರಬಹುದು. ಅದೂ ಇದೇ ಬಗೆಯ ಧೂಳು.

ಧೂಳು ನೈಸರ್ಗಿಕ ತಾನೆ? ಬರೀ ಮಣ್ಣು. ಅದರಿಂದ ಏನಾಗುತ್ತೆ?

ಈ ಮಾತು ಕೇಳಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಶ್ವಾಸಕೋಶಕ್ಕೆ ನೈಸರ್ಗಿಕ ಧೂಳು, ಕಾರ್ಖಾನೆ ಧೂಳು ಅನ್ನುವ ಭೇದ ಇಲ್ಲ.

ದಕ್ಷಿಣ ಯುರೋಪಿನ 13 ನಗರಗಳ ಮೇಲೆ ನಡೆದ ಮೆಡ್-ಪಾರ್ಟಿಕಲ್ಸ್ ಅಧ್ಯಯನ ಮರಳುಗಾಡಿನ ಧೂಳನ್ನು ಉಳಿದ ಕಣಗಳಿಂದ ಬೇರೆ ಮಾಡಿ ನೋಡಿತು. ಧೂಳಿನ ಪ್ರಮಾಣ ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ಸಾವುಗಳು ಸುಮಾರು ಶೇ 0.65ರಷ್ಟು ಹೆಚ್ಚುತ್ತವೆ ಎಂದು ಕಂಡುಬಂತು. ವಾಹನ, ಕಾರ್ಖಾನೆಗಳಿಂದ ಬರುವ ಕಣಗಳಿಗೆ ಇದೇ ಲೆಕ್ಕ ಸುಮಾರು ಶೇ 0.55. ಅಂದರೆ ಎರಡೂ ಹತ್ತಿರ ಹತ್ತಿರ. ಹತ್ತು ಮೈಕ್ರೋಗ್ರಾಂ ಏರಿಕೆಗೆ ಇಷ್ಟು. ಧೂಳಿನ ದಿನ ಏರುವುದು ನೂರರ ಲೆಕ್ಕದಲ್ಲಿ.

ದಮ್ಮು, ಸಿಒಪಿಡಿ (ಉಸಿರಾಟ ಕಟ್ಟಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಹೃದಯದ ತೊಂದರೆ ಇರುವವರು, ಪುಟ್ಟ ಮಕ್ಕಳು, ಬಸುರಿಯರು ಇಂಥ ದಿನ ಹುಷಾರಾಗಿರಬೇಕು. ಆರೋಗ್ಯವಾಗಿರುವವರಿಗೂ ಗಂಟಲು ಕೆರೆತ, ಕಣ್ಣುರಿ, ಒಣಕೆಮ್ಮು ಬರುತ್ತದೆ.

ಇದೇ ಧೂಳು ಒಳ್ಳೆಯದನ್ನೂ ಮಾಡಿದೆ ಅನ್ನುವುದು ನಿಜ. ಸಾವಿರಾರು ವರ್ಷಗಳಿಂದ ಬಿದ್ದ ಸಹಾರಾದ ಮಣ್ಣು ಕ್ರೀಟ್‌ನ ಕೆಂಪು ನೆಲದಲ್ಲಿ ಸೇರಿಕೊಂಡಿದೆ. ಸಮುದ್ರಕ್ಕೂ ಅದರಿಂದ ಕಬ್ಬಿಣ, ರಂಜಕ ಸಿಗುತ್ತದೆ. ಆದರೆ ಆಲಿವ್ ಮರಕ್ಕೆ ಒಳ್ಳೆಯದಾದದ್ದು ನಿಮ್ಮ ಅಜ್ಜಿಯ ಎದೆಗೆ ಒಳ್ಳೆಯದಾಗಬೇಕು ಅಂತೇನಿಲ್ಲ.

ಧೂಳಿನ ದಿನಗಳನ್ನು ಸರ್ಕಾರ ಲೆಕ್ಕದಿಂದ ಬಿಟ್ಟುಬಿಡುತ್ತದಂತೆ. ಹೌದಾ?

ಹೌದು. ಯುರೋಪಿನ ಒಕ್ಕೂಟದ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಮಿತಿ ದಾಟಿದ್ದು ನೈಸರ್ಗಿಕ ಕಾರಣದಿಂದ ಎಂದು ತೋರಿಸಿದರೆ ಆ ಭಾಗವನ್ನು ಕಳೆಯಬಹುದು. ಸಮುದ್ರದ ಉಪ್ಪಿನ ಕಣಗಳಿಗೂ ಹೀಗೆಯೇ. ಸಹಾರಾಕ್ಕೆ ದಂಡ ಹಾಕಲು ಆಗುವುದಿಲ್ಲವಲ್ಲ, ಕಾನೂನಿನ ದೃಷ್ಟಿಯಿಂದ ಇದು ಸರಿಯೇ. ನೀವು ಮಾತ್ರ ಉಸಿರಾಡುವ ಲೆಕ್ಕದಿಂದ ಅದನ್ನು ಕಳೆಯಬೇಡಿ. ಆ ದಿನದ ಪೂರ್ತಿ ಅಂಕಿಯನ್ನೇ ನೋಡಿ.

ಧೂಳಿನ ದಿನ ಮನೆಯಲ್ಲಿ ಏನು ಮಾಡಬೇಕು?

ಕಿಟಕಿ ಬಾಗಿಲು ಮುಚ್ಚಿ. ಹಳೆಯ ಮನೆಗಳ ಮರದ ಕಿಟಕಿಗಳಲ್ಲಿ ಸಂದು ಜಾಸ್ತಿ. ಕೆಳಗಿನ ಅಂಚಿಗೆ ಒದ್ದೆ ಟವೆಲ್ ಒತ್ತಿಟ್ಟರೆ ಎಷ್ಟೋ ವಾಸಿ. ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಕ) ಇರುವ ಏರ್ ಪ್ಯೂರಿಫೈಯರ್ ಇದ್ದರೆ ಮಲಗುವ ಕೋಣೆಯಲ್ಲಿ ಇಡಿ. ಇಡೀ ಮನೆಗೆ ಒಂದನ್ನು ಹಾಲ್‌ನಲ್ಲಿಟ್ಟರೆ ಪ್ರಯೋಜನ ಕಡಿಮೆ. ಒಂದು ಕೋಣೆಯನ್ನಾದರೂ ಸರಿಯಾಗಿ ಶುದ್ಧ ಮಾಡಿ, ದಮ್ಮು ಇರುವವರು ಅಲ್ಲೇ ಇರಲಿ.

ಇದು ಬರೀ ಊಹೆಯ ಮಾತಲ್ಲ. ಸೈಪ್ರಸ್, ಕ್ರೀಟ್ ಮತ್ತು ಇಸ್ರೇಲ್‌ನಲ್ಲಿ ಮೆಡಿಯಾ ಎಂಬ ಯೋಜನೆ ನಡೆಯಿತು. ದಮ್ಮು ಇರುವ ಮಕ್ಕಳ ಮನೆಯವರಿಗೆ ಧೂಳು ಬರುವ ಮುನ್ಸೂಚನೆ ಕೊಟ್ಟರು. ಹೊರಗಿನ ಆಟ ಕಡಿಮೆ ಮಾಡಲು, ಕಿಟಕಿ ಮುಚ್ಚಲು, ಫಿಲ್ಟರ್ ಹಾಕಲು ಹೇಳಿದರು. ಮನೆಯೊಳಗಿನ ಕಣಗಳು ಇಳಿದವು. ಹೊರಗಿನ ಆಟ ಕಡಿಮೆ ಮಾಡಿ, ಮನೆಯೊಳಗಿನ ಗಾಳಿಯನ್ನೂ ಶುದ್ಧವಾಗಿಟ್ಟುಕೊಂಡ ಮಕ್ಕಳ ದಮ್ಮು ಹೆಚ್ಚು ಹಿಡಿತದಲ್ಲಿತ್ತು.

ಹೊರಗೆ ಹೋಗಲೇಬೇಕಾದರೆ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಹಾಕಿ. ಬಟ್ಟೆಯ ಮಾಸ್ಕ್, ಕರ್ಚೀಫು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಓಟ, ಸೈಕಲ್ ಆ ದಿನ ಬೇಡ. ಇನ್‌ಹೇಲರ್ ಬ್ಯಾಗಿನ ತಳದಲ್ಲಿ ಬೇಡ, ಕೈಗೆ ಸಿಗುವ ಕಡೆ ಇರಲಿ. ಧೂಳು ನಿಂತ ಮೇಲೆ ಪೊರಕೆ ಹಿಡಿಯಬೇಡಿ, ಕೂತ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಲ್ಕನಿಗೆ ನೀರು ಹಾಕಿ ತೊಳೆಯಿರಿ.

ಕೆಸರಿನ ಮಳೆ ಅಂದರೆ ಏನು?

ಧೂಳು ತುಂಬಿದ ಗಾಳಿಯ ಮೂಲಕ ಮಳೆ ಬೀಳುವಾಗ ಪ್ರತಿ ಹನಿಯೂ ಮಣ್ಣನ್ನು ಹೊತ್ತು ಇಳಿಯುತ್ತದೆ. ಗ್ರೀಕರು ಲಾಸ್ಪೊವ್ರೊಹಿ ಅನ್ನುತ್ತಾರೆ. ಒಣಗಿದ ಬಟ್ಟೆ, ಕಾರು, ಬಿಳಿ ಗೋಡೆ ಎಲ್ಲದರ ಮೇಲೂ ಕಂದು ಚುಕ್ಕಿ. ಕಾರಿನ ಗಾಜನ್ನು ಒಣ ವೈಪರ್‌ನಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ನೀರು ಸುರಿಯಿರಿ. ಪಾಲಿಹೌಸ್ ರೈತರಿಗೆ ಇದು ಬೇರೆಯೇ ತಲೆನೋವು. ಪ್ಲಾಸ್ಟಿಕ್ ಮೇಲೆ ಮಣ್ಣು ಕೂತರೆ ಒಳಗಿನ ಗಿಡಕ್ಕೆ ಬೆಳಕು ಕಡಿಮೆಯಾಗುತ್ತದೆ.

ಊರಿನವರಿಗೆ ಈ ಮಳೆ ಬೇಸರ. ಗಾಳಿ ತೊಳೆಯುವುದು ಮಾತ್ರ ಇದೇ ಮಳೆ.

ಜುಲೈ, ಆಗಸ್ಟ್‌ನಲ್ಲಿ ಆಕಾಶ ಕಡುನೀಲಿ, ಗಾಳಿ ಜೋರು. ಆದರೂ ಆ್ಯಪ್ 'ಗಾಳಿ ಸಾಧಾರಣ' ಅನ್ನುತ್ತೆ. ಆ್ಯಪ್ ತಪ್ಪಾ?

ತಪ್ಪಲ್ಲ. ಅದು ಓಝೋನ್. ಕಣ್ಣಿಗೆ ಕಾಣುವುದಿಲ್ಲ.

ಆಕಾಶದ ತುಂಬ ಮೇಲೆ ಇರುವ ಓಝೋನ್ ನಮ್ಮನ್ನು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಪಾಡುತ್ತದೆ. ನೆಲದ ಹತ್ತಿರ ಇರುವ ಓಝೋನ್ ಶ್ವಾಸಕೋಶವನ್ನು ಕೆರಳಿಸುತ್ತದೆ. ಯಾವ ಕೊಳವೆಯಿಂದಲೂ ಅದು ನೇರವಾಗಿ ಹೊರಬರುವುದಿಲ್ಲ. ವಾಹನ, ಹಡಗು, ವಿದ್ಯುತ್ ಸ್ಥಾವರಗಳಿಂದ ಬರುವ ನೈಟ್ರೋಜನ್ ಆಕ್ಸೈಡ್‌ಗಳು ಪೆಟ್ರೋಲ್, ಪೇಂಟ್, ಮರಗಿಡಗಳಿಂದ ಬರುವ ಆವಿಗಳ ಜೊತೆ ಬಿಸಿಲಿನಲ್ಲಿ ಬೆರೆತು ಓಝೋನ್ ಆಗುತ್ತವೆ. ಬಿಸಿಲು ಜಾಸ್ತಿಯಾದಷ್ಟೂ ಓಝೋನ್ ಜಾಸ್ತಿ.

ಹಾಗಾದರೆ ವಾಹನಗಳೇ ಕಡಿಮೆ ಇರುವ ಊರಿಗೆ ಹೇಗೆ ಬಂತು? ಎರಡು ಕಾರಣ. ಒಂದು, ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಮೆಲ್ತೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರ ಬಿರುಸು. ಬಾಲ್ಕನ್ ದೇಶಗಳು, ಪೂರ್ವ ಯುರೋಪ್, ಇಸ್ತಾಂಬುಲ್ ಕಡೆಯ ಅನಿಲಗಳನ್ನು ಅದು ಹೊತ್ತು ತರುತ್ತದೆ. ದಾರಿಯುದ್ದಕ್ಕೂ ಬಿಸಿಲು, ಮೋಡ ಇಲ್ಲ, ಮಳೆ ಇಲ್ಲ. ಹೊರಟಾಗ ಹೊಗೆಯಾಗಿದ್ದದ್ದು ಕ್ರೀಟ್ ತಲುಪುವಾಗ ಓಝೋನ್ ಆಗಿರುತ್ತದೆ. ಎರಡು, ದೊಡ್ಡ ನಗರದ ರಸ್ತೆಯಲ್ಲಿ ವಾಹನಗಳ ತಾಜಾ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಚಿಕ್ಕ ಊರಿನಲ್ಲಿ ಅದನ್ನು ತಿನ್ನುವಷ್ಟು ವಾಹನದ ಹೊಗೆಯೇ ಇರುವುದಿಲ್ಲ. ಹೀಗಾಗಿ ಅಥೆನ್ಸ್‌ನ ಗಿಜಿಗುಡುವ ರಸ್ತೆಗಿಂತ ಶಾಂತವಾದ ಕಡಲ ತೀರದಲ್ಲಿ ಓಝೋನ್ ಹೆಚ್ಚಿರಬಹುದು. ಕೇಳಲು ವಿಚಿತ್ರ, ಆದರೆ ನಿಜ.

ಯುರೋಪಿನ ಗುರಿ ಎಂಟು ಗಂಟೆಗಳ ಸರಾಸರಿ 120 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 100. ಬೇಸಿಗೆಯಲ್ಲಿ ಕ್ರೀಟ್‌ನಲ್ಲಿ ಈ ಗೆರೆ ಆಗಾಗ ದಾಟುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಹೆಚ್ಚು. ಓಟ, ಚಾರಣ, ಸೈಕಲ್ ಎಲ್ಲವನ್ನೂ ಬೆಳಗ್ಗೆಯೇ ಮುಗಿಸಿಕೊಳ್ಳಿ. ಬಿಸಿಲಿನ ದೃಷ್ಟಿಯಿಂದಲೂ ಅದೇ ಒಳ್ಳೆಯದು.

ಮಾಸ್ಕ್ ಓಝೋನನ್ನು ತಡೆಯುತ್ತದಾ?

ಇಲ್ಲ. ಎನ್95 ತಡೆಯುವುದು ಕಣಗಳನ್ನು, ಓಝೋನ್ ಅನಿಲ. ಮನೆಯೊಳಗೆ ಕಿಟಕಿ ಮುಚ್ಚಿ ಕೂತರೆ ಮಾತ್ರ ಕಡಿಮೆಯಾಗುತ್ತದೆ.

ನಮ್ಮ ಮುಂಗಾರಿಗೂ ಕ್ರೀಟ್‌ನ ಬೇಸಿಗೆಗೂ ಸಂಬಂಧ ಇದೆ ಅಂತ ಕೇಳಿದ್ದೇನೆ. ನಿಜಾನಾ, ಸುಮ್ನೆ ಹೇಳೋದಾ?

ನಿಜ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಆಗುಂಬೆಯಲ್ಲಿ, ಪಶ್ಚಿಮ ಘಟ್ಟದುದ್ದಕ್ಕೂ, ಬಂಗಾಳ ಕೊಲ್ಲಿಯ ಮೇಲೆ ಮುಂಗಾರು ಸುರಿಯುವಾಗ ಅಪಾರವಾದ ಶಾಖ ಆಕಾಶಕ್ಕೆ ಬಿಡುಗಡೆಯಾಗುತ್ತದೆ. ಗಾಳಿ ಮೇಲೇರುತ್ತದೆ. ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಯಲೇಬೇಕು. 1996ರಲ್ಲಿ ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು ತೋರಿಸಿದ್ದು ಇದನ್ನೇ: ಏಷ್ಯಾದ ಮುಂಗಾರಿನ ಶಾಖದಿಂದಾಗಿ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಕ್ರೀಟ್‌ನ ಬೇಸಿಗೆ ಅಷ್ಟು ಒಣಗಿರಲು ಇದೊಂದು ಕಾರಣ. ಮೋಡವಿಲ್ಲದ ಬಿಸಿಲೇ ಓಝೋನ್‌ಗೆ ಬೇಕಾದದ್ದು. ಮೆಲ್ತೆಮಿಯನ್ನು ಎಳೆಯುವ ಕಡಿಮೆ ಒತ್ತಡದ ಪ್ರದೇಶವೂ ದಕ್ಷಿಣ ಏಷ್ಯಾದಿಂದ ಟರ್ಕಿಯವರೆಗೆ ಚಾಚಿಕೊಂಡದ್ದೇ.

ಇನ್ನೂ ಒಂದಿದೆ. 2001ರ ಆಗಸ್ಟ್‌ನಲ್ಲಿ ಮಿನೋಸ್ ಎಂಬ ದೊಡ್ಡ ಅಧ್ಯಯನ ಕ್ರೀಟ್‌ನಲ್ಲಿ ನಡೆಯಿತು. ಫಿನೊಕಾಲಿಯಾದಲ್ಲಿ ನೆಲದ ಮೇಲೂ, ವಿಮಾನದಲ್ಲಿ ಮೇಲೆ ಹೋಗಿಯೂ ಅಳೆದರು. ನೆಲದ ಹತ್ತಿರದ ಕೊಳಕು ಗಾಳಿ ಯುರೋಪಿನದ್ದು. ವಿಮಾನಗಳು ಹಾರುವ ಎತ್ತರದಲ್ಲಿ ಸಿಕ್ಕಿದ್ದು ಮುಂಗಾರಿನ ಮೋಡಗಳು ಮೇಲೆತ್ತಿ ಪಶ್ಚಿಮಕ್ಕೆ ತಳ್ಳಿದ ದಕ್ಷಿಣ ಏಷ್ಯಾದ ಗಾಳಿ. ಅದರಲ್ಲಿ ಸೌದೆ, ಬೆರಣಿ ಥರದ ಉರುವಲು ಸುಟ್ಟ ಗುರುತುಗಳಿದ್ದವು. ಅಷ್ಟು ಎತ್ತರದ ಗಾಳಿಯನ್ನು ಊರಿನವರು ಉಸಿರಾಡುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ. ಆದರೂ ನಮ್ಮ ಕಡೆಯ ಒಲೆಯ ಹೊಗೆ ಗ್ರೀಸ್‌ನ ಆಕಾಶದಲ್ಲಿ ಅಳತೆಗೆ ಸಿಕ್ಕಿತು ಅನ್ನುವುದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ.

ಕಾಡ್ಗಿಚ್ಚಿನ ಹೊಗೆ?

ಬೇಸಿಗೆಯ ದೊಡ್ಡ ಅಪಾಯ. ಉತ್ತರದ ಗಾಳಿ ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ನುಗ್ಗಿ, ಇಯೆರಾಪೆತ್ರಾ ಕಡೆ ಇಳಿಯುವಾಗ ಇನ್ನೂ ಬಿಸಿಯಾಗಿ, ಒಣಗಿ ಬರುತ್ತದೆ. 2025ರ ಜುಲೈ 2ರಂದು ಊರಿನ ಪೂರ್ವಕ್ಕೆ ಹೊತ್ತಿಕೊಂಡ ಬೆಂಕಿ ಇಂಥ ಗಾಳಿಯಲ್ಲೇ ಹಬ್ಬಿತು. ಹಳ್ಳಿ, ಹೋಟೆಲ್‌ಗಳಿಂದ ಸುಮಾರು 5,000 ಜನರನ್ನು ಖಾಲಿ ಮಾಡಿಸಬೇಕಾಯಿತು.

ಹೊಗೆ ಬಂದಾಗ ಮಾಡಬೇಕಾದದ್ದು ಧೂಳಿನ ದಿನ ಮಾಡಿದ್ದೇ. ಆದರೆ ಹೊಗೆಯ ಕಣ ಧೂಳಿಗಿಂತ ಸಣ್ಣದು, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಬೆಂಕಿ ಹತ್ತಿರದಲ್ಲಿದ್ದರೆ ಮನೆಯೊಳಗೆ ಕೂರುವ ಲೆಕ್ಕಾಚಾರ ಬೇಡ. ಗ್ರೀಸ್‌ನಲ್ಲಿ 112 ಎಂಬ ತುರ್ತು ಸಂಖ್ಯೆಯಿಂದ ಮೊಬೈಲ್‌ಗೆ ಎಚ್ಚರಿಕೆ ಸಂದೇಶ ಬರುತ್ತದೆ, ಇಂಗ್ಲಿಷ್‌ನಲ್ಲೂ ಇರುತ್ತದೆ. ಹೊರಡಿ ಅಂದರೆ ಹೊರಡಿ. ಸಾಮಾನು ಕಟ್ಟುತ್ತಾ ಕೂರಬೇಡಿ. ಕರೆ ಮಾಡುವುದಕ್ಕೂ ಅದೇ ಸಂಖ್ಯೆ. ನಮ್ಮ ದೇಶದಲ್ಲೂ 112 ಇರುವುದರಿಂದ ನೆನಪಿಡಲು ಸುಲಭ.

ಚಳಿಗಾಲದಲ್ಲಿ ಪ್ರವಾಸಿಗರಿಲ್ಲ, ಧೂಳಿಲ್ಲ, ಓಝೋನ್ ಇಲ್ಲ. ಆಗ ಗಾಳಿ ಅತಿ ಶುದ್ಧ ಅಲ್ವಾ?

ಹಗಲಿನಲ್ಲಿ ಹೌದು. ಮಳೆ ಬಂದು ಹೋದ ಮೇಲಂತೂ ಬಹಳ ಶುದ್ಧ. ರಾತ್ರಿ ಹಾಗಲ್ಲ.

ಗಾಳಿ ಅಲುಗಾಡದ, ಮೋಡವಿಲ್ಲದ ಚಳಿ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹೊಗೆ ಮೇಲೇಳಲು ಆಗದೆ ಮನೆಗಳ ಎತ್ತರದಲ್ಲೇ ನಿಲ್ಲುತ್ತದೆ. ಸಂಜೆ ಏಳರ ಹೊತ್ತಿಗೆ ಸೌದೆ ಒಲೆಗಳು ಹೊತ್ತಿಕೊಳ್ಳುತ್ತವೆ, ಒಂದೆರಡು ಗಂಟೆಯಲ್ಲಿ ಇಕ್ಕಟ್ಟಾದ ಓಣಿಗಳಲ್ಲಿ ಹೊಗೆಯ ವಾಸನೆ ತುಂಬುತ್ತದೆ. ಕರಾವಳಿಯವರಿಗೆ ಗೊತ್ತಿರುವಂತೆ ಹಗಲಿನಲ್ಲಿ ಕಡಲಿನಿಂದ ಬೀಸುವ ಗಾಳಿ ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ಬೆಟ್ಟದ ಬುಡದಲ್ಲಿ, ತೋಟಗಳಲ್ಲಿ ಎದ್ದ ಹೊಗೆಯೂ ನಿಧಾನಕ್ಕೆ ಊರಿನ ಕಡೆಗೇ ಇಳಿಯುತ್ತದೆ.

ಗ್ರೀಸ್‌ನಲ್ಲಿ ಸೌದೆ ಇಷ್ಟು ಜಾಸ್ತಿಯಾದದ್ದು ಆರ್ಥಿಕ ಬಿಕ್ಕಟ್ಟಿನ ಕಾಲದಲ್ಲಿ. 2012ರಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯ ಮೇಲಿನ ತೆರಿಗೆಯನ್ನು ಏಕ್ದಮ್ ಏರಿಸಿದರು. ಜನ ಸೌದೆಗೆ ತಿರುಗಿದರು. ಆ ಚಳಿಗಾಲ ಅಥೆನ್ಸ್, ಥೆಸಲೊನೀಕಿ ಹೊಗೆಯಲ್ಲಿ ಮುಳುಗಿದವು. ಆಲಿವ್ ಮರ ಇರುವ ಕಡೆ ಸೌದೆಗೆ ದುಡ್ಡು ಕೊಡಬೇಕಿಲ್ಲ. ಎಣ್ಣೆ ತೆಗೆದು ಉಳಿದ ಆಲಿವ್ ಹಿಂಡಿಯನ್ನೂ ಉರಿಸುತ್ತಾರೆ. ಬಡವರ ಚಳಿಗೆ ಬೇರೆ ದಾರಿ ತೋರಿಸದೆ ಸೌದೆ ಸುಡಬೇಡಿ ಅಂದರೆ ಅದು ನ್ಯಾಯವಲ್ಲ. ಇಷ್ಟಂತೂ ಮಾಡಬಹುದು: ಹಸಿ ಸೌದೆ ಬೇಡ, ಒಂದು ಬೇಸಿಗೆ ಪೂರ್ತಿ ಒಣಗಿದ್ದನ್ನೇ ಸುಡಿ. ಪೇಂಟ್ ಹಚ್ಚಿದ ಮರ, ಹಳೆಯ ಪೀಠೋಪಕರಣ ಒಲೆಗೆ ಹಾಕಬೇಡಿ. ಹೊಗೆಗೂಡನ್ನು ವರ್ಷಕ್ಕೊಮ್ಮೆ ಶುಚಿ ಮಾಡಿಸಿ. ತೆರೆದ ಬೆಂಕಿಗೂಡಿಗಿಂತ ಬಾಗಿಲು ಮುಚ್ಚುವ ಒಲೆ ವಾಸಿ. ಇಯೆರಾಪೆತ್ರಾದಲ್ಲಿ ಚಳಿಗಾಲ ಮೆದುವಾದದ್ದು, ಇನ್ವರ್ಟರ್ ಎಸಿಯ ಬಿಸಿ ಗಾಳಿಯಲ್ಲೇ ಎಷ್ಟೋ ಮನೆಗಳು ನಡೆದುಹೋಗುತ್ತವೆ.

ತೋಟದಲ್ಲಿ ರೆಂಬೆ ಸುಡುವುದು ಸರಿಯಾ?

ಆಲಿವ್ ಕೊಯ್ಲು ಮುಗಿದ ಮೇಲೆ ಮರ ಸವರುತ್ತಾರೆ. ರಾಶಿ ರೆಂಬೆ ಬೀಳುತ್ತದೆ. ಅಲ್ಲೇ ಬೆಂಕಿ ಇಡುವುದು ಹಳೆಯ ರೂಢಿ. ಮೇ 1ರಿಂದ ಅಕ್ಟೋಬರ್ 31ರವರೆಗೆ ಬೆಂಕಿಯ ಕಾಲ ಎಂದು ಘೋಷಿಸಿರುವುದರಿಂದ ಆಗ ಸುಡುವಂತಿಲ್ಲ. ಉಳಿದ ಕಾಲದಲ್ಲಿ ನಿಯಮದ ಪ್ರಕಾರ ತಿಳಿಸಿ ಸುಡಬಹುದು. ಆದರೆ ಸುಡಲೇಬೇಕಾಗಿಲ್ಲ. ಯಂತ್ರದಲ್ಲಿ ಪುಡಿ ಮಾಡಿ ಮರದ ಬುಡಕ್ಕೆ ಮುಚ್ಚಿಗೆ ಹಾಕಿದರೆ ತೇವ ಉಳಿಯುತ್ತದೆ, ನೆಲಕ್ಕೂ ಒಳ್ಳೆಯದು. ನೀರಿಗೆ ತತ್ವಾರ ಇರುವ ದ್ವೀಪದಲ್ಲಿ ಇದು ಚಿಕ್ಕ ಲಾಭ ಅಲ್ಲ.

ಪಾಲಿಹೌಸ್‌ನ ಹಳೆಯ ಪ್ಲಾಸ್ಟಿಕ್ ಸುಡುವುದಂತೂ ಯಾವ ಕಾಲದಲ್ಲೂ ಕೂಡದು. ಕಾನೂನಿಗೂ ವಿರುದ್ಧ. ಆ ಹೊಗೆ ವಿಷ. ಯಾರಾದರೂ ಸುಡುತ್ತಿದ್ದರೆ ಅಗ್ನಿಶಾಮಕದವರಿಗೆ ತಿಳಿಸಿ, ಸಂಕೋಚ ಬೇಡ.

ಹಡಗು, ವಿದ್ಯುತ್ ಸ್ಥಾವರದ ಹೊಗೆ?

ಇಯೆರಾಪೆತ್ರಾದ ಬಂದರು ಚಿಕ್ಕದು, ಹ್ರಿಸಿ ದ್ವೀಪಕ್ಕೆ ಹೋಗುವ ದೋಣಿಗಳು, ಮೀನು ದೋಣಿಗಳು ಅಷ್ಟೇ. ದೂರದಲ್ಲಿ ಸಾಗುವ ದೊಡ್ಡ ಹಡಗುಗಳ ವಿಷಯದಲ್ಲಿ ಒಳ್ಳೆಯ ಸುದ್ದಿ ಇದೆ. 2025ರ ಮೇ 1ರಿಂದ ಇಡೀ ಮೆಡಿಟರೇನಿಯನ್‌ನಲ್ಲಿ ಹಡಗಿನ ಇಂಧನದ ಗಂಧಕ ಶೇ 0.5ರಿಂದ ಶೇ 0.1ಕ್ಕೆ ಇಳಿಯಬೇಕೆಂದು ನಿಯಮ ಬಂದಿದೆ. ಪೂರ್ವಕ್ಕಿರುವ ಅಥೆರಿನೊಲಾಕೊಸ್‌ನಲ್ಲಿ ಎಣ್ಣೆ ಉರಿಸುವ ವಿದ್ಯುತ್ ಸ್ಥಾವರ ಇದೆ. ಸಮುದ್ರದಡಿಯ ಕೇಬಲ್‌ಗಳ ಮೂಲಕ ಮುಖ್ಯ ಭೂಭಾಗದ ವಿದ್ಯುತ್ ಕ್ರೀಟ್‌ಗೆ ಬರಲು ಶುರುವಾಗಿರುವುದರಿಂದ ಇಂಥ ಸ್ಥಾವರಗಳ ಅಗತ್ಯ ಕಡಿಮೆಯಾಗುತ್ತಿದೆ.

ಏಪ್ರಿಲ್, ಮೇನಲ್ಲಿ ಸೀನು, ಕಣ್ಣು ತುರಿಕೆ. ಇದೂ ಧೂಳಾ?

ಇರಬಹುದು, ಪರಾಗವೂ ಇರಬಹುದು. ಸೈಪ್ರೆಸ್ ಮರದ್ದು ಫೆಬ್ರುವರಿ, ಮಾರ್ಚ್‌ನಲ್ಲಿ. ಆಲಿವ್ ಹೂ ಬಿಡುವುದು ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ. ಧೂಳಾದರೆ ಗಾಳಿ ತಿರುಗಿದ ಮೇಲೆ ಹೋಗುತ್ತದೆ. ಆಕಾಶ ತಿಳಿಯಾದ ಮೇಲೂ ವಾರಗಟ್ಟಲೆ ಸೀನು ಬರುತ್ತಿದ್ದರೆ ಪರಾಗ ಅಂದುಕೊಂಡು ವೈದ್ಯರಿಗೆ ತೋರಿಸಿ.

ಭಾರತದ ಆ್ಯಪ್‌ನಲ್ಲಿ 'ಉತ್ತಮ' ಅಂತ ಇರುತ್ತೆ, ಯುರೋಪಿನದರಲ್ಲಿ ಅದೇ ಗಾಳಿ 'ಸಾಧಾರಣ'. ಯಾವುದನ್ನು ನಂಬಬೇಕು?

ಗಾಳಿ ಒಂದೇ, ಗೆರೆ ಬೇರೆ. ಗಾಳಿಯಲ್ಲಿ ತೇಲುವ ಕಣಗಳಲ್ಲಿ 10 ಮೈಕ್ರೋಮೀಟರ್‌ವರೆಗಿನವು ಪಿಎಂ 10, 2.5 ಮೈಕ್ರೋಮೀಟರ್‌ವರೆಗಿನ ಇನ್ನೂ ಸಣ್ಣವು ಪಿಎಂ 2.5. ನಮ್ಮಲ್ಲಿ ದಿನದ ಸರಾಸರಿಗೆ ಮಿತಿ ಪಿಎಂ 10ಕ್ಕೆ 100, ಪಿಎಂ 2.5ಕ್ಕೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 45 ಮತ್ತು 15. ಯುರೋಪ್ ತನ್ನ ನಿಯಮಗಳನ್ನು 2024ರಲ್ಲಿ ಬಿಗಿ ಮಾಡಿದೆ. 2030ರಿಂದ ಪಿಎಂ 2.5ರ ವಾರ್ಷಿಕ ಮಿತಿ 25ರಿಂದ 10ಕ್ಕೆ ಇಳಿಯುತ್ತದೆ. ಹಾಗಾಗಿ ಬಣ್ಣ, ಹೆಸರು ಬಿಡಿ. ಮೈಕ್ರೋಗ್ರಾಂ ಅಂಕಿಯನ್ನೇ ನೋಡಿ.

ಅಂಕಿ ಓದುವ ಒಂದು ಉಪಾಯ ಹೇಳುತ್ತೇನೆ. ಪಿಎಂ 10 ತುಂಬಾ ಏರಿ ಪಿಎಂ 2.5 ಅದರ ಅರ್ಧಕ್ಕಿಂತ ಎಷ್ಟೋ ಕೆಳಗಿದ್ದರೆ ಅದು ಬಹುಶಃ ಧೂಳು, ಇಲ್ಲವೇ ಅಲೆ ಜೋರಿದ್ದ ದಿನದ ಸಮುದ್ರದ ಉಪ್ಪು. ಎರಡೂ ಹತ್ತಿರ ಹತ್ತಿರ ಇದ್ದರೆ ಹೊಗೆ.

ಬಾಲ್ಕನಿಯಲ್ಲಿ ಚಿಕ್ಕ ಸೆನ್ಸರ್ ಇಡಬಹುದಾ? ಮುನ್ಸೂಚನೆ ಎಲ್ಲಿ ಸಿಗುತ್ತದೆ?

ಇಡಿ, ಆದರೆ ಅದರ ಮಿತಿ ಗೊತ್ತಿರಲಿ. ಕಡಿಮೆ ಬೆಲೆಯ ಲೇಸರ್ ಸೆನ್ಸರ್‌ಗಳು ಹೊಗೆಯನ್ನು ಚೆನ್ನಾಗಿ ಹಿಡಿಯುತ್ತವೆ. ದಪ್ಪ ಧೂಳನ್ನು ಬಹಳ ಕಡಿಮೆ ತೋರಿಸುತ್ತವೆ. ಆಕಾಶ ಹಳದಿಯಾಗಿದ್ದರೂ ಸೆನ್ಸರ್ 'ಪರವಾಗಿಲ್ಲ' ಅಂದರೆ ಕಣ್ಣನ್ನು ನಂಬಿ. ತೇವ ಹೆಚ್ಚಿದ್ದಾಗ ಇದಕ್ಕೆ ಉಲ್ಟಾ, ಇಲ್ಲದ ಕಣವನ್ನೂ ಲೆಕ್ಕ ಹಾಕುತ್ತವೆ. ಕಡಲಿನ ಪಕ್ಕ ಇದು ಆಗಾಗ ಆಗುತ್ತದೆ.

ಮುನ್ಸೂಚನೆಗೆ ಯುರೋಪಿನ ಕೊಪರ್ನಿಕಸ್ ಸೇವೆ ನಾಲ್ಕು ದಿನದ ನಕ್ಷೆ ಕೊಡುತ್ತದೆ, ಉಚಿತ. ಧೂಳಿಗೆಂದೇ ಬಾರ್ಸಿಲೋನಾದ ಧೂಳು ಮುನ್ಸೂಚನಾ ಕೇಂದ್ರದ ನಕ್ಷೆ ಇದೆ. ಯುರೋಪಿಯನ್ ಪರಿಸರ ಸಂಸ್ಥೆಯ ಸೂಚ್ಯಂಕದಲ್ಲಿ ಈಗಿನ ಅಳತೆ ಸಿಗುತ್ತದೆ. ಹತ್ತಿರದ ಅಳತೆ ಕೇಂದ್ರ ಬೆಟ್ಟದ ಆಚೆ ಬದಿಯದ್ದಾಗಿದ್ದರೆ, 2018ರ ಉತ್ತರದಲ್ಲಿ ಹೇಳಿದ್ದನ್ನು ಮರೆಯಬೇಡಿ.

ದಮ್ಮು ಇರುವ ಅಪ್ಪ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೇವೆ. ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ. ಓಝೋನ್ ಇಳಿದಿರುತ್ತದೆ, ಒಲೆಗಳು ಇನ್ನೂ ಹೊತ್ತಿರುವುದಿಲ್ಲ, ಆಲಿವ್ ಪರಾಗ ಇಲ್ಲ, ಧೂಳು ಕಡಿಮೆ. ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ಎರಡನೇ ಆಯ್ಕೆ ಜೂನ್ ಮಧ್ಯಭಾಗ, ಮಧ್ಯಾಹ್ನ ಮನೆಯೊಳಗೆ ಇರುವುದಾದರೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಟ್ಟದ ತುಂಬಾ ಕಾಡು ಹೂಗಳು, ನೋಡಲು ತುಂಬಾ ಚೆಂದ. ಆದರೆ ಅವರಿಗೆ ಆ ಕಾಲ ಬೇಡ ಎಂದೇ ಹೇಳುತ್ತೇನೆ. ಬರಲೇಬೇಕಾದರೆ ದಿನಾಂಕ ಬದಲಿಸಲು ಆಗುವ ಟಿಕೆಟ್ ತಗೊಳ್ಳಿ. ನೆಲಮಹಡಿಯ ಓಣಿ ಕಡೆಯ ಕೋಣೆಗಿಂತ ಕಿಟಕಿ ಬಿಗಿಯಾಗಿ ಮುಚ್ಚುವ, ಎಸಿ ಇರುವ ಕೋಣೆ ಕೇಳಿ. ಔಷಧಿ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಂಡು ಬನ್ನಿ. ನಮ್ಮ ಬ್ರ್ಯಾಂಡ್‌ಗಳು ಅಲ್ಲಿನ ಅಂಗಡಿಯವರಿಗೆ ಗೊತ್ತಾಗುವುದಿಲ್ಲ.